ನುಗ್ಗೆ ಬೀಜ: ಉಪಯೋಗ ಏನು, ಎಚ್ಚರ ಎಲ್ಲಿ?

ಸಾಂಬಾರಿನ ನುಗ್ಗೆಕಾಯಿ ಎಲ್ಲರಿಗೂ ಗೊತ್ತು. ಅದೇ ಕಾಯಿ ಮರದಲ್ಲೇ ಬಲಿತು ಒಣಗಿದರೆ? ಒಳಗಿನ ಬೀಜಕ್ಕೆ ಮೂರು ಕೆಲಸ!

ಒಂದು, ಬಿತ್ತನೆ. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರಂ ಕಡೆಯ ಒಣಭೂಮಿಯಲ್ಲಿ ನುಗ್ಗೆ ಮುಖ್ಯ ಬೆಳೆ. ಪೆರಿಯಕುಳಂ ತೋಟಗಾರಿಕೆ ಕಾಲೇಜಿನ ಪಿಕೆಎಂ-1 ತಳಿಯನ್ನು ಬೀಜದಿಂದಲೇ ಬೆಳೆಸುತ್ತಾರೆ. ಸುಮಾರು 6 ತಿಂಗಳಿಗೆ ಕಾಯಿ ಕೈಗೆ ಬರುತ್ತದೆ.

ಎರಡು, ಎಣ್ಣೆ. ಬೀಜದ ತಿರುಳಿನ ತೂಕದಲ್ಲಿ ಶೇ. 30ರಿಂದ 40ರಷ್ಟು ಎಣ್ಣೆಯೇ. ಒಲೀಯಿಕ್ ಆಮ್ಲ ಹೆಚ್ಚಿರುವುದರಿಂದ ಬೇಗ ಕಮಟುವುದಿಲ್ಲ. ತಲೆಗೂದಲಿಗೆ, ಚರ್ಮಕ್ಕೆ ಹಚ್ಚುತ್ತಾರೆ. ಹಿಂದೆ ಗಡಿಯಾರದ ಯಂತ್ರಗಳಿಗೂ ಬಿಡುತ್ತಿದ್ದರು.

ಮೂರು, ನೀರು. ಬೀಜದ ಪುಡಿಯಲ್ಲಿರುವ ಪ್ರೋಟೀನ್ ಕೆಸರಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ. ರೋಗಾಣುಗಳು ಉಳಿದಿರುತ್ತವೆ, ಕುದಿಸಿಯೇ ಕುಡಿಯಿರಿ. ನೀರಿನಲ್ಲಿ ಕರಗಿದ ಉಪ್ಪನ್ನೂ ಇದು ತೆಗೆಯುವುದಿಲ್ಲ.

ಈಗ ಎಚ್ಚರಿಕೆ. ಬೀಜ ಹೆಚ್ಚು ತಿಂದರೆ ವಾಕರಿಕೆ, ಭೇದಿ ಆಗಬಹುದು. ಗರ್ಭಿಣಿಯರಿಗೆ ಬೇಡ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತಿನ್ನಬೇಡಿ. ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರಬಹುದು, ಅದನ್ನಂತೂ ಬಾಯಿಗೆ ಹಾಕಲೇಬೇಡಿ.

ರೋಗ ವಾಸಿಮಾಡುವ ಪವಾಡ ಬೀಜ ಎಂದು ಯಾರಾದರೂ ಮಾರಿದರೆ ನಂಬಬೇಡಿ. ದಿನದ ಊಟಕ್ಕೆ ನುಗ್ಗೆ ಸೊಪ್ಪು, ಎಳೆ ಕಾಯಿ ಸಾಕು!