ಜರಡಿಯ ತತ್ವ ಮತ್ತು ನಾಣ್ಯ ವಿಂಗಡಣೆ

ಕಾಗಿಣಾ ತೀರದ ದಂಡೋತಿ ಹಾಗೂ ಸುತ್ತಲಿನ ಚಿತ್ತಾಪುರ, ಸೇಡಂ ಪರಿಸರವು ತೊಗರಿಯ ಸೀಮೆ. ಕಾಳುಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸುವ ಜರಡಿ ಇಲ್ಲಿನ ಒಕ್ಕಲು ಬದುಕಿನ ಚಿರಪರಿಚಿತ ಸಾಧನ. ದೇವಾಲಯದ ಹುಂಡಿಯಲ್ಲಿ ಬೆರೆತು ಬರುವ ಚಿಲ್ಲರೆಯನ್ನು ಬೇರ್ಪಡಿಸಲು ಬಳಸಬಹುದಾದ ಸರಳ ಯಂತ್ರವೂ ಇದೇ ತತ್ವವನ್ನು ಆಧರಿಸಿದೆ. ಅದರ ಇಳಿಜಾರು ಹಾದಿಯಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ರಂಧ್ರಗಳಿರುತ್ತವೆ. ಜಾರಿ ಬರುವ ನಾಣ್ಯವು ತಾನು ಹಿಡಿಸುವ ಮೊದಲ ರಂಧ್ರದಲ್ಲಿಯೇ ಬೀಳುತ್ತದೆ.

ಆದರೆ ಯಂತ್ರವು ಅಳೆಯುವುದು ವ್ಯಾಸವನ್ನೇ ಹೊರತು ಬೆಲೆಯನ್ನಲ್ಲ. 1992ರ ಉಕ್ಕಿನ 1 ರೂಪಾಯಿ, 2011ರ 2 ರೂಪಾಯಿ, 2019ರ 5 ರೂಪಾಯಿ ಇವು ಮೂರೂ 25 ಮಿ.ಮೀ. ವ್ಯಾಸದವು. ಆದ್ದರಿಂದ ಮೂರೂ ಒಂದೇ ಡಬ್ಬಿಯನ್ನು ಸೇರುತ್ತವೆ. ಮೊದಲಿನ ಎರಡರ ತೂಕವೂ ಒಂದೇ, 4.85 ಗ್ರಾಂ. ಹೀಗಾಗಿ ತೂಗಿ ಲೆಕ್ಕ ಹಾಕಿದರೂ ವ್ಯತ್ಯಾಸ ತಿಳಿಯದು. ಭಕ್ತರ ಕಾಣಿಕೆಯ ಲೆಕ್ಕವೇ ತಪ್ಪುತ್ತದೆ.

ಈ ಹಿನ್ನೆಲೆಯಲ್ಲಿ 1957ರ ದಶಮಾಂಶ ನಾಣ್ಯಗಳು ಗಮನಾರ್ಹವಾಗಿವೆ. ನಿಜಾಮರ ಹಾಲಿ ಸಿಕ್ಕಾ ಮತ್ತು ಆಣೆಗಳ ಲೆಕ್ಕಕ್ಕೆ ಒಗ್ಗಿದ್ದ ಈ ಭಾಗದ ಜನ ಹೊಸ ಪೈಸೆಗಳನ್ನು ಕಲಿಯಬೇಕಾಯಿತು. ಅಲ್ಲಿ 5 ಪೈಸೆ ಚೌಕಾಕಾರ, 2 ಮತ್ತು 10 ಪೈಸೆ ಅಲೆಯಂಚಿನವು, 1 ಪೈಸೆ ದುಂಡು. ಅಕ್ಷರ ಬಾರದವರೂ ಕಣ್ಣು ಕಾಣದವರೂ ಬೆರಳಿನಿಂದಲೇ ಅವನ್ನು ಗುರುತಿಸಬಹುದಾಗಿತ್ತು.

ಒಂದೇ ಅಳತೆಯ ದುಂಡು ನಾಣ್ಯಗಳು ಬೆರಳಿನ ಈ ಜ್ಞಾನಕ್ಕೆ ಎಡೆಯನ್ನು ಕಡಿಮೆಗೊಳಿಸಿವೆ. ಜರಡಿ ಹಿಡಿದ ಕಾಳನ್ನು ಕೊನೆಗೆ ಕೈಯಾಡಿಸಿ ಆರಿಸುವಂತೆ, ಯಂತ್ರ ವಿಂಗಡಿಸಿದ ನಾಣ್ಯಕ್ಕೂ ಮನುಷ್ಯನ ಕಣ್ಣು, ಕೈಗಳ ಪರಿಶೀಲನೆ ಅನಿವಾರ್ಯವಾಗಿದೆ.