ಹಳೆಯ ಬೆಂಜ್ ಕಾರಿನ ಮರದ ಪಟ್ಟಿಗೆ ಮರುಹೊಳಪು

1995ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದ ಮರ್ಸಿಡಿಸ್-ಬೆಂಜ್ ಡಬ್ಲ್ಯೂ124 ಮಾದರಿಯ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮರದ ಪಟ್ಟಿಯು ಇಡೀ ಹಲಗೆಯಲ್ಲ. ಅದು ಗಟ್ಟಿ ತಳದ ಮೇಲೆ ಅಂಟಿಸಿದ ವೆನೀರ್, ಅಂದರೆ ಒಂದು ಮಿಲಿಮೀಟರಿಗಿಂತಲೂ ತೆಳುವಾಗಿ ಸೀಳಿದ ನಿಜವಾದ ಮರದ ಹಾಳೆ. ಅದನ್ನು ಕಾಯುವ ಪಾರದರ್ಶಕ ಲೇಪನವೇ ಲ್ಯಾಕರ್. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ದಾಟುವ ಹೈದರಾಬಾದಿನ ಮಿಯಾಪುರದಂತಹ ಕಡೆ ಬಿಸಿಲಲ್ಲೇ ನಿಲ್ಲುವ ಕಾರಿನಲ್ಲಿ, ಮರವೂ ಲೇಪನವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಮೊದಲು ಕೂದಲೆಳೆಯಷ್ಟು ಬಿರುಕು ಮೂಡಿ, ಮಳೆಗಾಲದ ತೇವ ಅದರೊಳಗೆ ಇಳಿದು, ಲೇಪನವು ಅಲ್ಲಲ್ಲಿ ಬಿಳಿಚಿಕೊಂಡು ಏಳತೊಡಗುತ್ತದೆ.

ಇಷ್ಟಕ್ಕೇ ಪಟ್ಟಿಯನ್ನು ಕಿತ್ತು ಮರದ ಚಿತ್ರವಿರುವ ಪ್ಲಾಸ್ಟಿಕ್ ಸ್ಟಿಕ್ಕರ್ ಅಂಟಿಸುವುದು ಅಂತಹ ಕಾರಿಗೆ ಮಾಡುವ ಅನ್ಯಾಯವೇ ಸರಿ. ವೆನೀರ್ ಸೀಳದೆ ಉಳಿದಿದ್ದರೆ, ಪಟ್ಟಿಯನ್ನು ಬಿಚ್ಚಿ, ಹೀಟ್ ಗನ್ನಿನ ಹದವಾದ ಬಿಸಿಯಲ್ಲಿ ಲ್ಯಾಕರನ್ನು ಮೆತ್ತಗಾಗಿಸಿ, ಮರದ ಎಳೆ ಸಾಗುವ ದಿಕ್ಕಿನಲ್ಲೇ ಮೊಂಡು ಅಲಗಿನಿಂದ ಎಬ್ಬಿಸಿ, ಉಳಿದ ಕಲೆಯನ್ನು ನಯವಾದ ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಬೇಕು. ಇಲ್ಲಿ ಯಂತ್ರ ಹಿಡಿದರೆ, ವಿಶೇಷವಾಗಿ ಅಂಚುಗಳಲ್ಲಿ, ವೆನೀರ್ ಕ್ಷಣಮಾತ್ರದಲ್ಲಿ ಸವೆದು ತಳ ಕಾಣುತ್ತದೆ. ಆ ನಷ್ಟವನ್ನು ಯಾವ ಬಣ್ಣವೂ ಮುಚ್ಚಲಾರದು.

ಇನ್ನು ಹೊಸ ಲೇಪನದ ವಿಷಯಕ್ಕೆ ಬಂದರೆ, ಚನ್ನಪಟ್ಟಣದ ಬೊಂಬೆಗಳಿಗೆ ಒಪ್ಪುವ ಅರಗು ಬಿಸಿಗೆ ಮೆತ್ತಗಾಗುವುದರಿಂದ ಡ್ಯಾಶ್‌ಬೋರ್ಡಿಗೆ ಸಲ್ಲದು. ಗಟ್ಟಿಕಾರಕವನ್ನು ಬೆರೆಸಿ ಬಳಸುವ, ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯಬಲ್ಲ ಪಾಲಿಯುರೆಥೇನ್ ಲೇಪನವನ್ನು, ಸೂಕ್ತ ಮುಖಗವಸು ಧರಿಸಿ, ತೆಳುವಾದ ಹಲವು ಪದರಗಳಲ್ಲಿ ಸಿಂಪಡಿಸಬೇಕು; ಅದು ಪೂರ್ತಿ ಗಟ್ಟಿಯಾದ ನಂತರವೇ 2000 ಗ್ರಿಟ್‌ನ, ಎಂದರೆ ಅತಿ ಸಣ್ಣ ಕಣಗಳ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪಾಲಿಶ್ ಕೊಡಬೇಕು. ವೆನೀರನ್ನೇ ಬದಲಿಸುವುದಾದರೆ, ಎಳೆ ಮತ್ತು ಬಣ್ಣ ಹೊಂದುವಂತೆ ಡ್ಯಾಶ್‌ಬೋರ್ಡಿನ ಎಲ್ಲ ಪಟ್ಟಿಗಳಿಗೂ ಒಂದೇ ದಿಮ್ಮಿಯಿಂದ ಸೀಳಿದ ಹಾಳೆಗಳನ್ನು ಬಳಸುವುದು ಲೇಸು.