ಉಸಿರಾಟದ ಯಂತ್ರ ಅಟ್ಟ ಸೇರದಿರಲಿ

ರಾತ್ರಿಯೆಲ್ಲ ಪಕ್ಕದ ಕೋಣೆಗೂ ಕೇಳುವಂಥ ಗೊರಕೆ, ಹಗಲೆಲ್ಲ ತೂಕಡಿಕೆ. ಮನೆಯವರ ಒತ್ತಾಯಕ್ಕೆ ಮಣಿದು ನಿದ್ರೆಯ ಪರೀಕ್ಷೆ ಮಾಡಿಸಿದ್ದಾಯಿತು. ‘ಸ್ಲೀಪ್ ಏಪ್ನಿಯಾ’ ಇದೆ ಎಂದ ವೈದ್ಯರು ‘ಸಿಪ್ಯಾಪ್’ ಎಂಬ ಯಂತ್ರ ಬಳಸುವಂತೆ ಸೂಚಿಸಿದರು. ಸಾಕಷ್ಟು ಹಣ ತೆತ್ತು ಯಂತ್ರ ತಂದದ್ದೂ ಆಯಿತು. ಮೊದಲ ರಾತ್ರಿ ಮಾಸ್ಕ್ ಕಟ್ಟಿಕೊಂಡಾಗ ಉಸಿರು ಸಿಕ್ಕಿಕೊಂಡಂತಾಯಿತು. ಎರಡನೆಯ ರಾತ್ರಿ ಗಂಟಲು ಒಣಗಿತು. ಮೂರನೆಯ ರಾತ್ರಿ ಗಾಳಿ ಸೋರಿ ಕಣ್ಣಿಗೆ ಬಡಿಯಿತು. ಹದಿನೈದು ದಿನ ಕಳೆಯುವುದರೊಳಗೆ ಯಂತ್ರ ಚೀಲದ ಸಮೇತ ಅಟ್ಟ ಸೇರಿತು. ‘ಅದು ನನಗೆ ಒಗ್ಗಲಿಲ್ಲ’ ಎಂಬ ಮಾತಿನೊಂದಿಗೆ ಚಿಕಿತ್ಸೆಯೂ ಮುಗಿಯಿತು.

ಇದು ಯಾರೋ ಒಬ್ಬರ ಕತೆಯಲ್ಲ, ಹಲವು ಮನೆಗಳ ಕತೆ. ಈ ಯಂತ್ರವನ್ನು ಬಿಟ್ಟುಬಿಡುವವರಲ್ಲಿ ಬಹಳ ಮಂದಿ ಬಿಡುವುದು ಆರಂಭದ ವಾರಗಳಲ್ಲೇ. ಅವರನ್ನು ಸೋಲಿಸುವುದು ರೋಗವಲ್ಲ, ಸಣ್ಣಪುಟ್ಟ ಕಿರಿಕಿರಿಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವುಂಟು ಎಂಬುದನ್ನು ತಿಳಿದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲಬೇಕಾಗಿಲ್ಲ.

ಗಂಟಲಿನಲ್ಲಿ ನಡೆಯುವುದೇನು?

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಭಾಗ ಹಿಂದಕ್ಕೆ ಕುಸಿದು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದನ್ನು ಏಪ್ನಿಯಾ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ರೋಗಿ ದೊಡ್ಡ ಸದ್ದಿನೊಂದಿಗೆ ಉಸಿರೆಳೆದುಕೊಂಡು ಮತ್ತೆ ಮಲಗುತ್ತಾನೆ. ಬೆಳಿಗ್ಗೆ ಅವನಿಗೆ ಇದಾವುದೂ ನೆನಪಿರುವುದಿಲ್ಲ. ಉಸಿರು ಪೂರ್ತಿ ನಿಲ್ಲುವುದು ಅಥವಾ ಬಹಳ ಕುಗ್ಗುವುದು ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 15ರಿಂದ ಮೇಲೆ ಮಧ್ಯಮ, 30ರಿಂದ ಮೇಲೆ ತೀವ್ರ ಎಂದು ಲೆಕ್ಕ.

ಹೀಗೆ ರಾತ್ರಿಯಿಡೀ ನಡೆದರೆ ಎಂಟು ಗಂಟೆ ಮಲಗಿದರೂ ನಿದ್ರೆಯ ತೃಪ್ತಿ ಇರುವುದಿಲ್ಲ. ಬೆಳಗಿನ ತಲೆನೋವು, ಮರೆವು, ಸಿಡುಕು, ಔಷಧಕ್ಕೂ ಬಗ್ಗದ ರಕ್ತದೊತ್ತಡ ಇದರ ಜೊತೆಗಾರರು. ವಾಹನ ಓಡಿಸುತ್ತಲೇ ಕಣ್ಣು ಮುಚ್ಚುವುದಂತೂ ಪ್ರಾಣಕ್ಕೇ ಅಪಾಯ. ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತ ಮೇಲೆ, ಇದು ಬರೀ ಸುಸ್ತು ಮತ್ತು ನಿದ್ರೆ ಬಾರದಿರುವಿಕೆಯಾಗಿ ಕಾಣಿಸಿಕೊಳ್ಳಬಹುದು.

ಯಂತ್ರ ಮಾಡುವ ಕೆಲಸ

ಸಿಪ್ಯಾಪ್ ಆಮ್ಲಜನಕ ಕೊಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಹಗುರವಾದ ಒತ್ತಡದಲ್ಲಿ ಮೂಗಿಗೆ ಕಳಿಸುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಚಪ್ಪಟೆಯಾಗದೆ ನಿಲ್ಲುವಂತೆ ಈ ಒತ್ತಡದಿಂದ ಗಂಟಲಿನ ದಾರಿ ಕುಸಿಯದೆ ತೆರೆದಿರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1980ರಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. 5 ರೋಗಿಗಳಲ್ಲಿ ಕಂಡ ಫಲಿತಾಂಶವನ್ನು 1981ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು.

ಯಂತ್ರವನ್ನು ಕನ್ನಡಕಕ್ಕೆ ಹೋಲಿಸಬಹುದು. ಹಾಕಿಕೊಂಡಿದ್ದಷ್ಟು ಹೊತ್ತು ಉಪಯೋಗ, ತೆಗೆದರೆ ತೊಂದರೆ ಮೊದಲಿನಂತೆಯೇ. ಆದ್ದರಿಂದ ಮಧ್ಯಾಹ್ನದ ನಿದ್ರೆಗೂ ಇದು ಬೇಕು.

ಅಭ್ಯಾಸ ಹಗಲಿನಲ್ಲೇ ಶುರುವಾಗಲಿ

ಮಾಸ್ಕ್ ಕಟ್ಟಿದೊಡನೆ ಭಯವಾಗುವವರು ನೇರವಾಗಿ ರಾತ್ರಿಯ ಯುದ್ಧಕ್ಕೆ ಇಳಿಯಬಾರದು. ಮೊದಲು ಟಿ.ವಿ. ನೋಡುತ್ತಲೋ ಪತ್ರಿಕೆ ಓದುತ್ತಲೋ ಮಾಸ್ಕನ್ನು ಕೈಯಲ್ಲಿ ಮೂಗಿಗೆ ಹಿಡಿದು, ಯಂತ್ರ ಚಾಲೂ ಮಾಡಿ, ಕೆಲವು ನಿಮಿಷ ಉಸಿರಾಡಬೇಕು. ಅದು ಸಲೀಸಾದ ಮೇಲೆ ಪಟ್ಟಿ ಕಟ್ಟಿಕೊಂಡು ಅರ್ಧ ಗಂಟೆ ಕೂರಬೇಕು. ನಂತರ ಹಗಲಿನ ಒಂದು ನಿದ್ರೆ, ಆಮೇಲೆ ಇಡೀ ರಾತ್ರಿ. ಒತ್ತಡವನ್ನು ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸುವ ‘ರ್‍ಯಾಂಪ್’ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ, ಅದನ್ನು ಬಳಸಿಕೊಳ್ಳಿ. ನಿದ್ರೆಯಲ್ಲಿ ಅರಿವಿಲ್ಲದೆ ಮಾಸ್ಕ್ ಕಿತ್ತು ಹಾಕಿದ್ದರೆ ಬೇಸರಿಸದೆ, ಎಚ್ಚರವಾದಾಗ ಮತ್ತೆ ಹಾಕಿಕೊಂಡು ಮಲಗಿದರಾಯಿತು.

ತೊಂದರೆಗಳು, ಪರಿಹಾರಗಳು

ಗಾಳಿ ಸೋರಿಕೆ: ಸೋರುತ್ತದೆಂದು ಪಟ್ಟಿಯನ್ನು ಬಿಗಿದು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಮೂಗಿನ ಮೇಲೆ ಹುಣ್ಣಾಗುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಮಲಗಿದ ಭಂಗಿಯಲ್ಲಿ ಯಂತ್ರ ಚಾಲೂ ಮಾಡಿ ಪಟ್ಟಿಯನ್ನು ಹೊಂದಿಸಬೇಕು. ಮುಖದಲ್ಲಿ ಎಣ್ಣೆ ಅಥವಾ ಕ್ರೀಮು ಇದ್ದರೆ ಮಾಸ್ಕ್ ಜಾರುತ್ತದೆ; ಮಲಗುವ ಮುನ್ನ ಮುಖ ತೊಳೆಯಿರಿ. ದಟ್ಟ ಮೀಸೆ, ಗಡ್ಡ, ಕೆಲವೊಮ್ಮೆ ಮೂಗುತಿಯೂ ಸಂದಿಗೆ ಕಾರಣವಾಗುತ್ತದೆ. ಅಂಥವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ಮಾಸ್ಕ್ ಒಗ್ಗಬಹುದು. ಒಂದು ಮಾಸ್ಕ್ ಒಗ್ಗದಿದ್ದರೆ ಯಂತ್ರವೇ ಒಗ್ಗದು ಎಂದು ತೀರ್ಮಾನಿಸಬೇಡಿ.

ಬಾಯಿ, ಗಂಟಲು ಒಣಗುವುದು: ಯಂತ್ರದೊಂದಿಗೆ ಬರುವ ನೀರಿನ ತೊಟ್ಟಿಯನ್ನು ಬಳಸಿದರೆ ಗಾಳಿಗೆ ಬೆಚ್ಚನೆಯ ತೇವ ಸೇರುತ್ತದೆ. ಬಾಯಿ ತೆರೆದು ಮಲಗುವವರಿಗೆ ಗದ್ದದ ಪಟ್ಟಿ ಅಥವಾ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು.

ಮೂಗು ಕಟ್ಟುವುದು: ಉಪ್ಪುನೀರಿನ ಹನಿ ಅಥವಾ ಸ್ಪ್ರೇ ನೆರವಾಗುತ್ತದೆ. ಮೂಗಿನ ಮೂಳೆ ಡೊಂಕಿದ್ದರೆ ಅಥವಾ ಅಲರ್ಜಿ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು.

ಹೊಟ್ಟೆ ಉಬ್ಬರ: ಗಾಳಿ ನುಂಗುವುದರಿಂದ ಹೀಗಾಗುತ್ತದೆ. ಮಗ್ಗುಲಾಗಿ ಮಲಗಿ ನೋಡಿ. ಕಡಿಮೆಯಾಗದಿದ್ದರೆ ವೈದ್ಯರು ಒತ್ತಡವನ್ನು ಮರುಹೊಂದಿಸುತ್ತಾರೆ. ನೀವಾಗಿಯೇ ಒತ್ತಡ ಬದಲಿಸಬೇಡಿ.

ಕರೆಂಟು ಹೋದರೆ: ಉಸಿರು ಕಟ್ಟಿ ಸಾಯುವ ಭಯ ಬೇಡ. ಮಾಸ್ಕಿನಲ್ಲಿ ಗಾಳಿ ಹೊರಹೋಗುವ ರಂಧ್ರಗಳಿರುತ್ತವೆ. ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ, ಯಂತ್ರ ನಿಂತೊಡನೆ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಎಚ್ಚರವಾದೊಡನೆ ಮಾಸ್ಕ್ ತೆಗೆದು ಮಗ್ಗುಲಾಗಿ ಮಲಗಿ. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಅದಕ್ಕೆ ಯಂತ್ರ ಹೊಂದುತ್ತದೆಯೇ ಎಂದು ಕೇಳಿ ತಿಳಿಯಿರಿ. ನೀರು ಬಿಸಿಮಾಡುವ ಭಾಗವನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಶುಚಿ ಮುಖ್ಯ

ಮಾಸ್ಕಿನ ಮೆತ್ತೆಯನ್ನು ದಿನವೂ ಮೆದು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತೊಟ್ಟಿಯ ಹಳೆಯ ನೀರನ್ನು ದಿನವೂ ಚೆಲ್ಲಬೇಕು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ತೊಟ್ಟಿಯಲ್ಲಿ ಬಿಳಿಯ ಪದರ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಗಾಳಿ ಸೋಸುವ ಫಿಲ್ಟರನ್ನು ಆಗಾಗ ನೋಡಿ, ಕೊಳೆಯಾಗಿದ್ದರೆ ಬದಲಿಸಬೇಕು.

ಎಷ್ಟು ಗಂಟೆ ಬಳಸಬೇಕು?

ರಾತ್ರಿಗೆ 4 ಗಂಟೆ, ಹತ್ತರಲ್ಲಿ ಏಳು ರಾತ್ರಿ ಎಂಬುದು ವೈದ್ಯರು ಬಳಸುವ ಒಂದು ಅಳತೆಗೋಲು. ಅದು ಕನಿಷ್ಠ ಮಟ್ಟ, ಗುರಿಯಲ್ಲ. ಮಲಗಿದಷ್ಟೂ ಹೊತ್ತು ಬಳಸುವುದೇ ಸರಿ. ಆಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಬಂದಿದ್ದ 2,700ಕ್ಕೂ ಹೆಚ್ಚು ಏಪ್ನಿಯಾ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಯಂತ್ರದಿಂದ ಅವರ ಗೊರಕೆ ಮತ್ತು ಹಗಲಿನ ತೂಕಡಿಕೆ ಕಡಿಮೆಯಾದವು, ಮನಸ್ಸು ಹಗುರವಾಯಿತು. ಆದರೆ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಇಷ್ಟು ಕಡಿಮೆ ಬಳಕೆಯೇ ಅದಕ್ಕೆ ಕಾರಣವಿರಬಹುದೇ ಎಂಬ ಚರ್ಚೆ ತಜ್ಞರಲ್ಲಿದೆ. ಯಂತ್ರ ಬಂದಿತೆಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಬಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠ. ತೂಕ ಇಳಿಸುವುದು, ಮದ್ಯ ಬಿಡುವುದು, ವೈದ್ಯರನ್ನು ಕೇಳದೆ ನಿದ್ರೆಯ ಗುಳಿಗೆ ನುಂಗದಿರುವುದು ಯಂತ್ರದಷ್ಟೇ ಮುಖ್ಯ.

ಮೊದಲ ತಿಂಗಳಲ್ಲೇ ಒಮ್ಮೆ ವೈದ್ಯರನ್ನು ಮತ್ತೆ ಕಾಣಿರಿ. ಎಷ್ಟು ಗಂಟೆ ಬಳಸಿದಿರಿ, ಎಷ್ಟು ಗಾಳಿ ಸೋರಿತು ಎಂಬ ಲೆಕ್ಕ ಈಗಿನ ಯಂತ್ರಗಳಲ್ಲೇ ದಾಖಲಾಗುತ್ತದೆ. ಮನೆಯವರನ್ನೂ ಕರೆದುಕೊಂಡು ಹೋಗಿ. ನಿಮ್ಮ ರಾತ್ರಿಯ ಸ್ಥಿತಿ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹಗಲಿನ ತೂಕಡಿಕೆ ಹೋಗುವವರೆಗೆ ವಾಹನ ಓಡಿಸಬೇಡಿ.

ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆ ಈ ಯಂತ್ರಕ್ಕೂ ಸಲ್ಲುತ್ತದೆ. ಅದು ಈಗಾಗಲೇ ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ಇಂದೇ ಕೆಳಗಿಳಿಸಿ. ಮಾಸ್ಕ್ ತೊಳೆದಿಟ್ಟು, ವೈದ್ಯರಲ್ಲಿ ಹೋಗಿ ಎಲ್ಲಿ ಕಷ್ಟವಾಯಿತೆಂದು ಬಿಚ್ಚಿ ಹೇಳಿ, ಮತ್ತೊಮ್ಮೆ ಆರಂಭಿಸಿ.